ಮಳೆಗಾಲದ ಕರೆಂಟಿಗೆ ಸೋಲಾರ್ ಬ್ಯಾಟರಿ: ಶಿರಸಿ ಕಡೆಯ ಹಂಚಿನ ಮನೆಗೆ ಎಷ್ಟು ದೊಡ್ಡದು ಬೇಕು?

ಸೊಪ್ಪಿನಬೆಟ್ಟ, ಶಿರಸಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಿದ್ದಾಪುರ ರಸ್ತೆಯಿಂದ ಸ್ವಲ್ಪ ಒಳಗೆ, ತೋಟದ ತಲೆಯ ಮೇಲಿದೆ. ಮೇನ್ ಲೈನಿನಿಂದ ನಮ್ಮೂರ ಟ್ರಾನ್ಸ್‌ಫಾರ್ಮರ್ ತನಕ ಕಂಬಗಳೆಲ್ಲ ಕಾಡಿನೊಳಗೇ ಬರುತ್ತವೆ. ಜೂನ್ ಶುರುವಾಯಿತೆಂದರೆ ಮುಗಿಯಿತು, ಒಂದು ಗಾಳಿ ಬೀಸಿದರೆ ಎಲ್ಲೋ ಒಂದು ಮರ ತಂತಿಯ ಮೇಲೆ. ಸಂಜೆ ಹೋದ ಕರೆಂಟು ಮರುದಿನ ಮಧ್ಯಾಹ್ನ ಬಂದರೆ ಪುಣ್ಯ, ಕಂಬವೇ ಮುರಿದರೆ ಎರಡು ಮೂರು ದಿನ ಕತ್ತಲೆ. ಲೈನ್‌ಮನ್‌ಗಳನ್ನು ಬೈಯುವ ಹಾಗೂ ಇಲ್ಲ, ಆ ಮಳೆಯಲ್ಲಿ ಉಂಬಳ ಕಚ್ಚಿಸಿಕೊಂಡು ಕಂಬ ಹತ್ತುವವರು ಅವರೇ.

ಮನೆಯಲ್ಲಿ ಆಯಿ, ಅಪ್ಪಯ್ಯ, ನಾನು, ಹೆಂಡತಿ. ಹೆಂಡತಿಗೆ ಬೆಂಗಳೂರಿನ ಕಂಪನಿ ಕೆಲಸ, ಮನೆಯಿಂದಲೇ ಮಾಡುತ್ತಾಳೆ, ಹಾಗಾಗಿ ಲ್ಯಾಪ್‌ಟಾಪ್, ವೈಫೈ ನಿಲ್ಲುವ ಹಾಗಿಲ್ಲ. ಫ್ರಿಜ್, ಲೈಟು, ಮಿಕ್ಸಿ, ಬಾವಿಯ 1 ಎಚ್‌ಪಿ ಪಂಪು, ಇಷ್ಟು ನಡೆದರೆ ಸಾಕು. ಗೀಸರ್ ಇಲ್ಲ, ಬಚ್ಚಲು ಒಲೆ ಇದೆ. ಈಗ ಒಂದೇ ಬ್ಯಾಟರಿಯ ಹಳೇ ಇನ್ವರ್ಟರ್ ಇದೆ, ರಾತ್ರಿ ಊಟದ ಹೊತ್ತಿಗೆ ಕರೆಂಟು ಹೋದರೆ ನಡುರಾತ್ರಿಯೊಳಗೆ ಕೀಂಯ್ ಅನ್ನುತ್ತದೆ.

ಮೂವರ ಹತ್ತಿರ ಕೇಳಿದೆ. ಒಬ್ಬರು 3 ಕಿಲೋವ್ಯಾಟ್ ಪ್ಯಾನೆಲ್, 5 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ಜೋಡಿಸುವಂಥದ್ದು), 10 ಯೂನಿಟ್‌ನ ಲಿಥಿಯಂ ಬ್ಯಾಟರಿ ಅಂದರು, ನಾಲ್ಕೂವರೆ ಲಕ್ಷದ ಹತ್ತಿರ. "ಎರಡು ದಿನ ಕರೆಂಟು ಬರದಿದ್ದರೂ ಗೊತ್ತೇ ಆಗುವುದಿಲ್ಲ, ಬಿಲ್ಲೂ ಉಳಿಯುತ್ತದೆ" ಅಂತ ಭರವಸೆ. ಇನ್ನೊಬ್ಬರು 150 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ನಾಲ್ಕು ಟ್ಯುಬುಲರ್, ಅಂದರೆ ನೀರು ಹಾಕುವ ಲೆಡ್ ಬ್ಯಾಟರಿ ಸಾಕು, ಲಿಥಿಯಂ ಎಲ್ಲ ಸುಮ್ನೆ ದುಡ್ಡು ದಂಡ ಅಂದರು, ಲಕ್ಷಕ್ಕೂ ಮಿಕ್ಕಿ ಕಡಿಮೆ ಆಗುತ್ತದೆ. ಮೂರನೆಯವರು ಬ್ಯಾಟರಿಯೇ ಬೇಡ, ನೇರ ಲೈನಿಗೆ ಸೇರಿಸುವ ಆನ್‌ಗ್ರಿಡ್ ಹಾಕಿಸಿ, ಸಬ್ಸಿಡಿ ಬರುತ್ತದೆ ಅಂದರು. ತಲೆ ಕೆಟ್ಟುಹೋಗಿದೆ. ಹಂಚಿನ ಮಾಡಿನ ಮೇಲೆ ಪ್ಯಾನೆಲ್ ಕೂರಿಸುವುದು ಸರಿಯಾ ಅನ್ನುವುದೂ ಒಂದು ಪ್ರಶ್ನೆ, ಮಂಗನ ಕಾಟ ಬೇರೆ. ಹಾಕಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಬಾವಿಕಟ್ಟೆ, ಯಲ್ಲಾಪುರ

ಮೂರನೆಯವರ ಮಾತನ್ನು ಮೊದಲು ಪಕ್ಕಕ್ಕಿಡಿ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸಿಸ್ಟಮ್ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನ ಬಿಸಿಲು ಸುಡುತ್ತಿದ್ದರೂ ಅಷ್ಟೇ. ಬೇಕೆಂತಲೇ ಹಾಗೆ ಮಾಡಿದ್ದಾರೆ. ಇಲ್ಲದಿದ್ದರೆ ನಿಮ್ಮ ಮಾಡಿನ ಕರೆಂಟು ಲೈನಿಗೆ ಹರಿದು, ಲೈನು ಸತ್ತಿದೆ ಅಂತ ನಂಬಿ ಕಂಬ ಹತ್ತಿದವನ ಜೀವಕ್ಕೇ ಬರುತ್ತದೆ.

ಬಿಲ್ ಉಳಿತಾಯದ ಲೆಕ್ಕವನ್ನೂ ಬಿಡಿ. 2023ರಿಂದ ಗೃಹಜ್ಯೋತಿ ಇದೆ, ಹಿಂದಿನ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ 200 ಯೂನಿಟ್ ಒಳಗೆ ಬಳಸಿದರೆ ಬಿಲ್ಲೇ ಸೊನ್ನೆ. ನಿಮ್ಮದು ಗೀಸರ್ ಇಲ್ಲದ ಮನೆ, ಸೊನ್ನೆ ಬಿಲ್ಲೇ ಬರುತ್ತಿರಬೇಕು. ಸೊನ್ನೆಯಲ್ಲಿ ಇನ್ನೇನು ಉಳಿಸುವುದು? ಅಂಗಡಿಯವರು "ಐದು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್" ಅಂದರೆ ನಕ್ಕು ಸುಮ್ಮನಾಗಿ. ನೀವು ದುಡ್ಡು ಹಾಕುತ್ತಿರುವುದು ಮಳೆಗಾಲದ ಮೂರು ನಾಲ್ಕು ತಿಂಗಳ ಕತ್ತಲೆಗೆ, ಅದನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

ಫ್ರಿಜ್ ದಿನಕ್ಕೆ ಸುಮಾರು 1 ಯೂನಿಟ್. ವೈಫೈ 10 ವ್ಯಾಟ್ ಅಂದರೂ ಇಡೀ ದಿನಕ್ಕೆ ಕಾಲು ಯೂನಿಟ್ ಆಗುತ್ತದೆ. ಲ್ಯಾಪ್‌ಟಾಪ್ 8 ಗಂಟೆ ನಡೆದರೆ 0.4. ಲೈಟು 9 ವ್ಯಾಟಿನವು ಐದಾರು ಉರಿದರೆ 0.3. ಪಂಪು ಅರ್ಧ ಗಂಟೆಗೆ ಅರ್ಧ ಯೂನಿಟ್. ಮಿಕ್ಸಿ ಲೆಕ್ಕಕ್ಕೇ ಬರುವುದಿಲ್ಲ. ಫ್ಯಾನ್ ನೀವೇ ಹೇಳಲಿಲ್ಲ, ಜುಲೈನಲ್ಲಿ ಶಿರಸಿಯಲ್ಲಿ ಫ್ಯಾನ್ ಹಾಕುವವರು ಯಾರು ಮಾರಾಯ್ರೇ, ಕಂಬಳಿ ಹೊದೆಯುವ ಕಾಲ ಅದು. ಎಲ್ಲ ಸೇರಿ ಎರಡೂವರೆ ಯೂನಿಟ್.

ಇದಕ್ಕೆ ಅಂಗಡಿಯವರು ಹೇಳದ ಒಂದು ಬಾಬ್ತು ಸೇರಿಸಿ. 5 ಕಿಲೋವ್ಯಾಟಿನ ಹೈಬ್ರಿಡ್ ಇನ್ವರ್ಟರ್ ಏನೂ ಕೆಲಸ ಮಾಡದೆ ಸುಮ್ನೆ ಆನ್ ಇದ್ದರೂ 50 ವ್ಯಾಟ್ ಆಸುಪಾಸು ತಿನ್ನುತ್ತದೆ. ದಿನಕ್ಕೆ 1.2 ಯೂನಿಟ್. ನಿಮ್ಮ ಫ್ರಿಜ್ಜಿಗಿಂತ ಜಾಸ್ತಿ! ಡೇಟಾಶೀಟಿನಲ್ಲಿ ಕೊನೆಯಲ್ಲೆಲ್ಲೋ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಮಾಡೆಲ್ಲಿನಿಂದ ಮಾಡೆಲ್ಲಿಗೆ ತುಂಬ ವ್ಯತ್ಯಾಸ ಇರುತ್ತದೆ, ಅದನ್ನು ನೋಡಿಯೇ ತೆಗೆದುಕೊಳ್ಳಿ. ಅಂತೂ ದಿನಕ್ಕೆ ಮೂರೂಮುಕ್ಕಾಲು ಯೂನಿಟ್ ಬೇಕು. 5 ಯೂನಿಟ್‌ನ ಲಿಥಿಯಂ ಬ್ಯಾಟರಿಯಲ್ಲಿ ಕೈಗೆ ಸಿಗುವುದು ನಾಲ್ಕರ ಮೇಲೆ ಸ್ವಲ್ಪ. ಒಂದು ದಿನ ಹೋಗುತ್ತದೆ.

ಎರಡನೇ ದಿನದ ಪಾಡೇನು ಅಂತ ಕೇಳುತ್ತೀರಿ. 10 ಯೂನಿಟ್ ಬ್ಯಾಟರಿ ಇದ್ದರೆ ಎರಡು ದಿನ ಬರುತ್ತದೆ, ಸರಿ. ಆದರೆ ಖಾಲಿಯಾದ ಮೇಲೆ ಅದನ್ನು ತುಂಬಿಸುವುದು ಏನು? ಬಿಸಿಲಿನ ದಿನ 3 ಕಿಲೋವ್ಯಾಟ್ ಪ್ಯಾನೆಲ್ 12 ಯೂನಿಟ್ ಕೊಡುತ್ತದೆ. ಮೋಡ ಕಟ್ಟಿ ಹೊತ್ತು ಮೂಡಿದ್ದೇ ಗೊತ್ತಾಗದ ದಿನಗಳಲ್ಲಿ ಎರಡು ಮೂರು ಯೂನಿಟ್ ಬಂದರೆ ಹೆಚ್ಚು. ದೊಡ್ಡ ಬ್ಯಾಟರಿ ಇಟ್ಟರೆ ಅರ್ಧ ಖಾಲಿಯೇ ಕೂತಿರುತ್ತದೆ. ಅದೇ ದುಡ್ಡಿನಲ್ಲಿ ಒಂದು ಭಾಗವನ್ನು ಪ್ಯಾನೆಲ್ಲಿಗೆ ಹಾಕಿದರೆ, ಅಂದರೆ 3ರ ಬದಲು 4 ಕಿಲೋವ್ಯಾಟ್ ಹಾಕಿಸಿದರೆ, ಕತ್ತಲೆ ದಿನದಲ್ಲೂ ಮೂರೂವರೆಯ ಹತ್ತಿರ ಬರುತ್ತದೆ, ಅಂದಿನ ಖರ್ಚು ಅಂದಿಗೇ ಹೆಚ್ಚುಕಡಿಮೆ ಸರಿಹೋಗುತ್ತದೆ. ನಮ್ಮ ಘಟ್ಟದ ಮಳೆಗೆ ಪ್ಯಾನೆಲ್ ಜಾಸ್ತಿ, ಬ್ಯಾಟರಿ ಕಡಿಮೆ. ಅಂಗಡಿಯವರು ಇದನ್ನು ಹೇಳುವುದಿಲ್ಲ, ಪ್ಯಾನೆಲ್ಲಿಗಿಂತ ಬ್ಯಾಟರಿಯಲ್ಲಿ ಅವರಿಗೆ ಸಿಗುವುದು ಜಾಸ್ತಿ ಅಂತ ನನ್ನ ಗುಮಾನಿ.

ಇನ್ನು ಟ್ಯುಬುಲರ್. ನಾಲ್ಕು ಬ್ಯಾಟರಿ ಕಾಗದದ ಮೇಲೆ 7.2 ಯೂನಿಟ್, ಬಾಳಿಕೆ ಬರಬೇಕಾದರೆ ಅರ್ಧವೇ ಬಳಸಬೇಕು, ಅಲ್ಲಿಗೆ 3.6. ಅದೂ ಇರಲಿ ಬಿಡಿ. ದೊಡ್ಡ ತೊಂದರೆ ಇರುವುದು ತುಂಬುವ ವೇಗದಲ್ಲಿ. 150 ಎಎಚ್‌ನ ಬ್ಯಾಟರಿ 15 ಆಂಪಿಯರಿನಲ್ಲಿ ನಿಧಾನಕ್ಕೆ ಕುಡಿಯುತ್ತದೆ, ಅರ್ಧ ಖಾಲಿಯಾದದ್ದು ಪೂರ್ತಿ ತುಂಬಲು ಎಂಟು ಹತ್ತು ಗಂಟೆ ಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಬಂದು ಎರಡು ಗಂಟೆ ಇದ್ದು ಮತ್ತೆ ಹೋಗುತ್ತದೆ. ಆ ಎರಡು ಗಂಟೆಯಲ್ಲಿ ಟ್ಯುಬುಲರ್‌ಗೆ ಸೇರುವುದು ಒಂದೂಕಾಲು ಯೂನಿಟ್ಟೂ ಕಷ್ಟ. 5 ಯೂನಿಟ್‌ನ ಲಿಥಿಯಂ 50 ಆಂಪಿಯರಿನಲ್ಲಿ ಎಳೆದುಕೊಂಡು ಅಷ್ಟರಲ್ಲಿ ಹೆಚ್ಚುಕಡಿಮೆ ಭರ್ತಿ. ಅದೂ ಅಲ್ಲದೆ ಲೆಡ್ ಬ್ಯಾಟರಿ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಕೂತು ಹಾಳಾಗುತ್ತದೆ. ನಮ್ಮ ಕಡೆ ಟ್ಯುಬುಲರ್ ಮೂರು ನಾಲ್ಕು ವರ್ಷಕ್ಕೇ ಸೋಲುವುದು ಬಹುತೇಕ ಇದರಿಂದಲೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದಕ್ಕೆ ಒಂದು ದಿನವೂ ಹೊಟ್ಟೆತುಂಬ ಸಿಗುವುದಿಲ್ಲ.

ತೆಗೆದುಕೊಳ್ಳುವಾಗ ಲಿಥಿಯಂ ಐರನ್ ಫಾಸ್ಫೇಟ್ ಅಂತ ಬರೆದದ್ದನ್ನೇ ತೆಗೆದುಕೊಳ್ಳಿ, 51.2 ವೋಲ್ಟ್, 100 ಎಎಚ್. ಮುಂದೆ ಬೇಕಾದರೆ ಪಕ್ಕದಲ್ಲಿ ಇನ್ನೊಂದನ್ನು ಜೋಡಿಸಲು ಬರಬೇಕು. ಇನ್ವರ್ಟರ್ ಕಂಪನಿಯ ಪಟ್ಟಿಯಲ್ಲಿ ಆ ಬ್ಯಾಟರಿಯ ಹೆಸರು ಇದೆಯಾ ನೋಡಿ. ಇದ್ದರೆ ಎರಡೂ ಒಂದು ಕೇಬಲ್ ಮೂಲಕ ಮಾತಾಡಿಕೊಳ್ಳುತ್ತವೆ, ಇಲ್ಲದಿದ್ದರೆ ಇನ್ವರ್ಟರ್ ಬರೀ ವೋಲ್ಟೇಜ್ ನೋಡಿ ಅಂದಾಜು ಮಾಡುತ್ತದೆ, ಲಿಥಿಯಂನಲ್ಲಿ ಆ ಅಂದಾಜು ಸರಿ ಬರುವುದಿಲ್ಲ.

ಬಯಲುಸೀಮೆ ಅಂಚು, ಬನವಾಸಿ ಕಡೆ

ಮೇಲಿನ ಅಣ್ಣ ಟ್ಯುಬುಲರನ್ನು ಪೂರ್ತಿ ಮೂಲೆಗೆ ತಳ್ಳಿಬಿಟ್ಟರು! ನಮ್ಮ ಮನೆಯಲ್ಲಿ ಟ್ಯುಬುಲರ್ ಚೆನ್ನಾಗಿಯೇ ನಡೆಯುತ್ತಿದೆ. ಡಿಸ್ಟಿಲ್ಡ್ ವಾಟರ್ ಹೊತ್ತಿಗೆ ಸರಿಯಾಗಿ ಹಾಕಬೇಕು ಅಷ್ಟೇ. ಕೆಟ್ಟರೆ ಶಿರಸಿ ಪೇಟೆಯಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತದೆ, ಹಳೆಯದಕ್ಕೆ ಗುಜರಿ ಬೆಲೆಯೂ ಬರುತ್ತದೆ. ಲಿಥಿಯಂ ಒಳಗೆ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಬೋರ್ಡ್ ಹೋದರೆ ಕಂಪನಿಯವರು ಬರುವ ತನಕ ಕಾಯಬೇಕು, ಮಳೆಗಾಲದಲ್ಲಿ ಯಾರು ಬರುತ್ತಾರೆ?

ಬಾವಿಕಟ್ಟೆ, ಯಲ್ಲಾಪುರ

ಬನವಾಸಿ ಕಡೆ ನಡೆಯುತ್ತದೆ ತಮ್ಮಾ, ಅಲ್ಲಿ ಮಳೆಯೂ ಕಡಿಮೆ, ಲೈನು ಗದ್ದೆ ಬಯಲಿನಲ್ಲಿ ಬರುತ್ತದೆ, ಕರೆಂಟು ಹೋದರೂ ಬೇಗ ಬರುತ್ತದೆ. ಘಟ್ಟದ ಅಂಚಿನವರ ಕತೆ ಬೇರೆ. ಸರ್ವಿಸ್ ಬಗ್ಗೆ ಹೇಳಿದ್ದು ಮಾತ್ರ ಖರೆ. ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ಸರ್ವಿಸ್ ಕೊಡುವವರು ಇಲ್ಲದ ಬ್ರ್ಯಾಂಡಾದರೆ ಎಷ್ಟು ಅಗ್ಗವಾದರೂ ಬೇಡ. ಹಳೇ ಇನ್ವರ್ಟರನ್ನು ಮಾರಬೇಡಿ ಅಂತಲೂ ಸೊಪ್ಪಿನಬೆಟ್ಟದವರಿಗೆ ಹೇಳುತ್ತೇನೆ. ನಾಲ್ಕು ಲೈಟಿಗೆ ಅದು ಇರಲಿ, ಗುಜರಿಗೆ ಹಾಕಿದರೆ ಬರುವುದು ಪುಡಿಗಾಸು.

ಹಳೇ ವೈರ್‌ಮನ್, ಕುಮಟಾ

ಪ್ಯಾನೆಲ್ ಎಷ್ಟು, ಬ್ಯಾಟರಿ ಎಷ್ಟು ಅಂತ ಎಲ್ಲರೂ ಮಾತಾಡುತ್ತಾರೆ, ಅರ್ಥಿಂಗ್ ಬಗ್ಗೆ ಯಾರೂ ಕೇಳುವುದೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಸೋಲಾರ್ ಇನ್ವರ್ಟರ್ ಸುಡುವುದು ಜಾಸ್ತಿ ಸಿಡಿಲಿಗೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ, ಆಮೇಲೆ ಅಕ್ಟೋಬರಿನ ಗುಡುಗು. ಮನೆಯ ಮೇಲೇ ಸಿಡಿಲು ಬೀಳಬೇಕೆಂದಿಲ್ಲ, ಎಲ್ಲೋ ಹತ್ತಿರದ ತೆಂಗಿನಮರಕ್ಕೆ ಹೊಡೆದರೂ ಉದ್ದದ ವೈರಿನಲ್ಲಿ ಸರ್ಜ್, ಅಂದರೆ ಒಂದು ಕ್ಷಣದ ಭಾರೀ ವೋಲ್ಟೇಜ್ ಬಂದು ಬೋರ್ಡ್ ಕರಕಲು. ಸರ್ಜನ್ನು ನೆಲಕ್ಕೆ ಹರಿಸಲು ಎಸ್‌ಪಿಡಿ ಬೇಕು, ಪ್ಯಾನೆಲ್ ಕಡೆಗೆ ಡಿಸಿ ಎಸ್‌ಪಿಡಿ ಒಂದು, ಮೀಟರ್ ಕಡೆಗೆ ಎಸಿ ಎಸ್‌ಪಿಡಿ ಒಂದು, ಎರಡೂ ಟೈಪ್ 2 ಇರಲಿ. ಅದರ ಕಿಟಕಿ ಹಸಿರು ಇದ್ದದ್ದು ಕೆಂಪಾದರೆ ಅದರ ಆಯುಸ್ಸು ಮುಗಿದ ಹಾಗೆ, ಬದಲಾಯಿಸಬೇಕು. ಪ್ರತಿ ಗುಡುಗು ಮಳೆ ಆದ ಮೇಲೆ ಒಂದು ಸಲ ಇಣುಕಿ ನೋಡಿ.

ಅರ್ಥಿಂಗ್ ಗುಂಡಿ ಮೂರು ಬೇಕು, ಸಿಡಿಲು ಕಡ್ಡಿಗೆ ಬೇರೆ, ಡಿಸಿಗೆ ಬೇರೆ, ಎಸಿಗೆ ಬೇರೆ. ನಮ್ಮ ಚಿರೇಕಲ್ಲಿನ ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಕಂಟ್ರಾಕ್ಟರು ಜುಲೈನಲ್ಲಿ ಮೀಟರ್ ಇಟ್ಟು ತೋರಿಸಿ "ನೋಡಿ ಎಷ್ಟು ಚಲೋ ಬಂತು" ಅನ್ನುತ್ತಾನೆ, ಒದ್ದೆ ನೆಲದಲ್ಲಿ ಬಾರದೆ ಇನ್ನೇನು. ಏಪ್ರಿಲ್‌ನಲ್ಲಿ, ನೆಲ ಒಣಗಿ ಬಿರಿದಿರುವಾಗ ಅಳೆಯಬೇಕು, ಆಗಲೂ 5 ಓಮ್‌ಗಿಂತ ಕೆಳಗಿದ್ದರೆ ಒಪ್ಪಿಕೊಳ್ಳಿ. ಬಾಳೆಬುಡ, ಬಚ್ಚಲು ನೀರು ಹೋಗುವ ಜಾಗ, ಬಾವಿಯ ಹತ್ತಿರದ ತಂಪು ನೆಲ, ಇಂಥ ಕಡೆ ಗುಂಡಿ ತೆಗೆಸಿ.

ಡಿಸಿ ಕಡೆಗೆ ಎಸಿಯ ಸಾಮಾನ್ಯ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್) ಹಾಕಿ ಹೋಗುವವರಿದ್ದಾರೆ. ಡಿಸಿಯಲ್ಲಿ ಕಿಡಿ ಹೊತ್ತಿಕೊಂಡರೆ ಆರುವುದಿಲ್ಲ, ಎಸಿ ಎಂಸಿಬಿ ಒಳಗೇ ಕರಗಿಹೋಗುತ್ತದೆ. ಡಿಸಿ ಅಂತ ಬರೆದದ್ದೇ ಬೇಕು.

ವೈರಿಂಗ್ ವಿಷಯಕ್ಕೆ ಬಂದರೆ, ಇಡೀ ಮನೆಯನ್ನು ಬ್ಯಾಟರಿಗೆ ಕೊಡಬೇಡಿ. ಬ್ಯಾಕಪ್‌ಗೆ ಅಂತ ಬೇರೆ ಡಿಬಿ (ಸ್ವಿಚ್ಚುಗಳ ಪೆಟ್ಟಿಗೆ) ಮಾಡಿಸಿ, ಅದರಲ್ಲಿ ಲೈಟು, ಫ್ರಿಜ್, ವೈಫೈ, ಒಂದೆರಡು ಪ್ಲಗ್. ಇಸ್ತ್ರಿಪೆಟ್ಟಿಗೆ, ಗ್ರೈಂಡರು ಇನ್ನೊಂದರಲ್ಲಿ. ಹಳೇ ಮನೆಗಳಲ್ಲಿ ಎಲ್ಲ ನ್ಯೂಟ್ರಲ್ ಒಂದೇ ಗಂಟಿನಲ್ಲಿ ಇರುತ್ತದೆ, ಬ್ಯಾಕಪ್ಪಿನ ನ್ಯೂಟ್ರಲ್ ಬೇರೆ ಮಾಡದಿದ್ದರೆ ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತಿರುತ್ತದೆ. ಬೈಪಾಸ್ ಸ್ವಿಚ್ ಒಂದು ಖಂಡಿತ ಇರಲಿ, ಇನ್ವರ್ಟರ್ ರಿಪೇರಿಗೆ ಹೋದ ದಿನ ಮನೆಗೆ ನೇರವಾಗಿ ಲೈನ್ ಕರೆಂಟು ಕೊಡಲು.

ಪಂಪಿನ ಮಾತು. 1 ಎಚ್‌ಪಿ ಮೋಟರ್ ನಡೆಯುವಾಗ ಸುಮಾರು 1 ಕಿಲೋವ್ಯಾಟ್ ಎಳೆದರೂ ಶುರುವಾಗುವ ಆ ಒಂದು ಕ್ಷಣಕ್ಕೆ ನಾಲ್ಕೈದು ಪಟ್ಟು ಕೇಳುತ್ತದೆ. 5 ಕಿಲೋವ್ಯಾಟಿನ ಇನ್ವರ್ಟರ್ ತಾಳಿಕೊಳ್ಳಬಹುದು, ಬ್ಯಾಟರಿಯ ಬಿಎಂಎಸ್ 50 ಆಂಪಿಯರಿಗೇ ಕೈ ಎತ್ತುವಂಥದ್ದಾದರೆ ಎಲ್ಲ ಒಟ್ಟಿಗೇ ಬಂದ್. 100 ಆಂಪಿಯರ್ ಕೊಡುತ್ತದಾ ಅಂತ ಕೇಳಿಯೇ ತೆಗೆದುಕೊಳ್ಳಿ. ಇನ್ನೂ ಸುಲಭದ್ದು ಹೇಳಲಾ? ಅಟ್ಟದ ಮೇಲೆ 1000 ಲೀಟರಿನ ಟ್ಯಾಂಕ್ ಇಟ್ಟು ಕರೆಂಟು ಇದ್ದಾಗ ತಾನಾಗಿ ತುಂಬುವ ಹಾಗೆ ಫ್ಲೋಟ್ ಸ್ವಿಚ್ ಹಾಕಿಸಿ, ಪಂಪನ್ನು ಬ್ಯಾಟರಿಯಿಂದ ತೆಗೆದೇಬಿಡಿ.

ಉಪ್ಪುಗಾಳಿ, ಕಾರವಾರ

ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕ, ಅಣೆಕಟ್ಟೆಯ ಕರೆಂಟಿನ ಕದ್ರಾ, ಕೊಡಸಳ್ಳಿ, ಸೂಪಾ, ಗೇರುಸೊಪ್ಪ ಎಲ್ಲ ನಮ್ಮ ಜಿಲ್ಲೆಯಲ್ಲೇ. ಊರಿಗೆಲ್ಲ ಕರೆಂಟು ಕೊಟ್ಟು ನಾವು ಬ್ಯಾಟರಿಗೆ ಲಕ್ಷ ಲೆಕ್ಕ ಹಾಕುತ್ತಾ ಕೂತಿದ್ದೇವೆ, ಇರಲಿ.

ಸಬ್ಸಿಡಿ ವಿಷಯ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ, ನಾವು ಅದರಲ್ಲೇ ಹಾಕಿಸಿದ್ದು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಬ್ಯಾಟರಿಗೆ ಸಬ್ಸಿಡಿ ಇಲ್ಲ, ಅದು ಕೈಯಿಂದಲೇ. ಪೂರ್ತಿ ಆಫ್‌ಗ್ರಿಡ್ ಮಾಡಿದರೆ ಪ್ಯಾನೆಲ್ಲಿಗೂ ಸಿಗುವುದಿಲ್ಲ, ಲೈನಿಗೆ ಸೇರಿಸಿದ ಸಿಸ್ಟಮ್ಮೇ ಆಗಬೇಕು, ಹಾಗಾಗಿ ಹೈಬ್ರಿಡ್. ಪ್ಯಾನೆಲ್ಲು ದೇಶದಲ್ಲೇ ಮಾಡಿದ ಸೆಲ್ಲಿನದಾಗಿರಬೇಕು, ಹಾಕುವವರು ಯೋಜನೆಯ ಪಟ್ಟಿಯಲ್ಲಿ ಇರುವವರಾಗಿರಬೇಕು. ನಿಮಗೆ ನಾಲ್ಕೂವರೆ ಲಕ್ಷ ಹೇಳಿದವರು ಆ ಪಟ್ಟಿಯಲ್ಲಿ ಇದ್ದಾರಾ ಕೇಳಿ, ಸಬ್ಸಿಡಿ ಕಳೆದು ಹೇಳಿದ ರೇಟಾ, ಕಳೆಯದೆ ಹೇಳಿದ್ದಾ ಅನ್ನುವುದನ್ನೂ ಕೇಳಿ. ದುಡ್ಡು ಬರುವುದು ಎಲ್ಲ ಹಾಕಿ, ಮೀಟರ್ ಕೂರಿಸಿ, ಪರಿಶೀಲನೆ ಆದ ಮೇಲೆ, ನಿಮ್ಮ ಖಾತೆಗೆ.

ಮುಖ್ಯವಾಗಿ, ನಿಮ್ಮ ಮೀಟರ್ ಯಾರ ಹೆಸರಿನಲ್ಲಿದೆ? ಶಿರಸಿ ಕಡೆ ಅಜ್ಜನ ಹೆಸರಿನಲ್ಲೇ ಇರುವ ಆರ್‌ಆರ್ ನಂಬರು ಎಷ್ಟೋ. ಅರ್ಜಿಯ ಹೆಸರು, ಬಿಲ್ಲಿನ ಹೆಸರು ಹೊಂದಬೇಕು. ಮೊದಲು ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಹೆಸರು ಬದಲಾವಣೆ ಮಾಡಿಸಿಕೊಂಡು ಆಮೇಲೆ ಮುಂದಿನ ಕೆಲಸಕ್ಕೆ ಹೋಗಿ.

ಹಂಚಿನ ಮಾಡಿನ ಮೇಲೆ ಹಾಕಬಹುದು, ಆದರೆ ಕೊಕ್ಕೆಯನ್ನು ಪಕಾಸಿಗೆ (ಮಾಡಿನ ದಪ್ಪ ಮರಕ್ಕೆ) ಬಿಗಿಯಬೇಕು, ರೀಪಿಗೆ (ಹಂಚು ಕೂರುವ ತೆಳು ಪಟ್ಟಿಗೆ) ಬಿಗಿದರೆ ಗಾಳಿಗೆ ಕಿತ್ತು ಬರುತ್ತದೆ. ದೊಡ್ಡ ಪ್ಯಾನೆಲ್ ಒಂದೊಂದು 28 ಕೆಜಿ ಆಸುಪಾಸು ಇರುತ್ತದೆ, ಹಳೇ ಪಕಾಸು ಗೆದ್ದಲು ತಿಂದಿದೆಯಾ ಅಂತ ಬಡಗಿಯವರನ್ನು ಕರೆದು ತಟ್ಟಿ ನೋಡಿಸಿ. ನಿಮ್ಮಲ್ಲಿ ಕೊಟ್ಟಿಗೆ ಮೇಲೆ ಶೀಟ್ ಇದ್ದರೆ ಅದೇ ಚಲೋ, ಒಡೆದ ಹಂಚು ಬದಲಾಯಿಸುವ ಗೋಳಿಲ್ಲ.

ಇದನ್ನು ಕರಾವಳಿಯವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಪ್ಯಾನೆಲ್ಲಿಗೆ ಏನೂ ಆಗುವುದಿಲ್ಲ, ತುಕ್ಕು ಹಿಡಿಯುವುದು ಸ್ಟ್ಯಾಂಡಿಗೆ. ಅದರಲ್ಲೂ ಸ್ಥಳದಲ್ಲೇ ಕತ್ತರಿಸಿ ವೆಲ್ಡ್ ಮಾಡಿದ ಜಾಗ. ಮೇಲೆ ಬೆಳ್ಳಿ ಪೇಂಟ್ ಬಳಿದಿರುತ್ತಾರೆ, ಎರಡನೇ ಮಳೆಗಾಲಕ್ಕೆ ಪೇಂಟಿನ ಕೆಳಗೆ ಕಂದು ಗುಳ್ಳೆ ಏಳುತ್ತದೆ, ಉಗುರಿನಿಂದ ಕೆರೆದರೆ ಪದರ ಪದರವಾಗಿ ಉದುರುತ್ತದೆ. ಫ್ಯಾಕ್ಟರಿಯಲ್ಲೇ ತೂತು ಹಾಕಿ ಆಮೇಲೆ ಬಿಸಿ ಸತುವಿನಲ್ಲಿ ಅದ್ದಿದ ಸ್ಟ್ಯಾಂಡ್ ತರಿಸಿ, ಬೋಲ್ಟು 316 ಸ್ಟೇನ್‌ಲೆಸ್. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಗಾಳಿ ನೆನಪಿದ್ದವರು ಬೋಲ್ಟಿನಲ್ಲಿ ಚೌಕಾಸಿ ಮಾಡುವುದಿಲ್ಲ.

ಸೊಪ್ಪಿನಬೆಟ್ಟ, ಶಿರಸಿ ತಾಲ್ಲೂಕು

ಎಲ್ಲರಿಗೂ ದೊಡ್ಡ ನಮಸ್ಕಾರ, ಇಷ್ಟು ವಿವರ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕಾರವಾರದ ಅಕ್ಕ ಹೇಳಿದ್ದು ಸರಿ, ಮೀಟರ್ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ! ಅಪ್ಪಯ್ಯನ ಹೆಸರಿಗೆ ಮಾಡಿಸಲು ಕಾಗದ ಜೋಡಿಸುತ್ತಿದ್ದೇನೆ.

ಕೊಟ್ಟಿಗೆ ಮಾಡು ಶೀಟಿನದೇ, ಆದರೆ ಮನೆಯಿಂದ 40 ಮೀಟರ್ ದೂರ. ಅಷ್ಟು ಉದ್ದ ವೈರಿನಲ್ಲಿ ಕರೆಂಟು ಸೋರಿಹೋಗುವುದಿಲ್ಲವಾ? ಇನ್ನೊಂದು ಜಾಗ ಅಂದರೆ ಅಡಿಕೆ ಒಣಗಿಸುವ ಅಂಗಳ, ಅಲ್ಲಿ ಕಬ್ಬಿಣದ ಕಂಬ ನೆಟ್ಟು ಎತ್ತರದಲ್ಲಿ ಹಾಕಬಹುದು. ಅಪ್ಪಯ್ಯ "ಅಂಗಳಕ್ಕೆ ನೆರಳು ಬಿದ್ದರೆ ಅಡಿಕೆ ಬೂಸಲು ಬರುತ್ತದೆ, ಅಲ್ಲಿ ಮಾತ್ರ ಬೇಡ" ಅಂತ ಹಟ ಹಿಡಿದಿದ್ದಾರೆ.

ಇನ್ನೂ ಒಂದು. ಪಕ್ಕದೂರಿನ ನೆಂಟರ ಮನೆಯಲ್ಲಿ ಹೋದ ವರ್ಷ ಇಂಥದ್ದೇ ಲಿಥಿಯಂ ಹಾಕಿಸಿದರು. ಆದರೂ ರಾತ್ರಿ ಒಂಬತ್ತಕ್ಕೆ ಕರೆಂಟು ಹೋದರೆ ಹತ್ತಕ್ಕೆಲ್ಲ ಅವರ ಮನೆಯೂ ಕತ್ತಲೆ. ಹಾಕಿದವರು ಬ್ಯಾಟರಿ ಸರಿಯಿದೆ ಅನ್ನುತ್ತಾರಂತೆ. ಹಾಗಾದರೆ ಏನಾಗಿರಬಹುದು?

ಬಾವಿಕಟ್ಟೆ, ಯಲ್ಲಾಪುರ

ನೆಂಟರ ಬ್ಯಾಟರಿ ಸರಿಯೇ ಇರಬೇಕು, ಸೆಟ್ಟಿಂಗ್ ನೋಡಿ. ಎಸ್‌ಬಿಯು ಅಂತ ಒಂದು ಮೋಡ್ ಇರುತ್ತದೆ, ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಲೈನ್. ಬಿಲ್ ಉಳಿಸುವವರಿಗೆ ಮಾಡಿದ್ದು ಅದು. ಸಂಜೆ ಬಿಸಿಲು ಹೋದ ಕೂಡಲೇ, ಲೈನಿನಲ್ಲಿ ಕರೆಂಟು ಇದ್ದರೂ, ಮನೆ ಬ್ಯಾಟರಿಯ ಮೇಲೆ ಓಡುತ್ತದೆ. ಟಿವಿ, ಫ್ರಿಜ್, ಅಡುಗೆಮನೆ ಎಲ್ಲ ನಡೆದು ಒಂಬತ್ತು ಗಂಟೆಗೆ ಬ್ಯಾಟರಿ ಮುಕ್ಕಾಲು ಖಾಲಿ. ಅಷ್ಟೊತ್ತಿಗೆ ಕರೆಂಟು ಹೋದರೆ ಉಳಿದ ಕಾಲು ಭಾಗ ಎಷ್ಟು ಹೊತ್ತು ಬರುತ್ತದೆ? ಹಾಕುವವರು ಎಲ್ಲ ಮನೆಗೂ ಅದೇ ಮೋಡಿನಲ್ಲಿ ಬಿಟ್ಟು ಹೋಗುತ್ತಾರೆ.

ಮೇ ಕೊನೆಗೆ ಅದನ್ನು ಯುಟಿಲಿಟಿ ಫಸ್ಟ್‌ಗೆ, ಅಂದರೆ ಮೊದಲು ಲೈನ್ ಅನ್ನುವುದಕ್ಕೆ ಬದಲಾಯಿಸಿ, ಲೈನಿನಿಂದಲೂ ಚಾರ್ಜ್ ಆಗಲಿ ಅಂತ ಕೊಡಿ. ಆಗ ಕರೆಂಟು ಇರುವಷ್ಟು ಹೊತ್ತು ಬ್ಯಾಟರಿ ಮುಟ್ಟದೆ ಭರ್ತಿ ಇರುತ್ತದೆ, ಹೋದ ಕ್ಷಣದಿಂದ ಪೂರ್ತಿ ನಿಮ್ಮದು. ನವೆಂಬರ್‌ನಲ್ಲಿ ಬಿಸಿಲು ಬಿದ್ದ ಮೇಲೆ ಬೇಕಿದ್ದರೆ ಎಸ್‌ಬಿಯುಗೆ ವಾಪಸ್. ಕೆಳಗಿನ ಕಟ್‌ಆಫ್ 20 ಪರ್ಸೆಂಟ್ ಇಡಿ. ಸೊನ್ನೆ ತನಕ ಇಳಿಸಿ ಎರಡು ದಿನ ಬಿಟ್ಟರೆ ಬಿಎಂಎಸ್ ಮಲಗಿಬಿಡುತ್ತದೆ, ಆಮೇಲೆ ಬಿಸಿಲು ಬಂದರೂ ಕೆಲವು ಇನ್ವರ್ಟರುಗಳಿಗೆ ಅದನ್ನು ಎಬ್ಬಿಸಲು ಆಗುವುದಿಲ್ಲ.

ವೋಲ್ಟೇಜಿನ ಸೆಟ್ಟಿಂಗೂ ಒಂದಿದೆ. ಸಂಜೆ ನಿಮ್ಮೂರಲ್ಲಿ 160, 170ಕ್ಕೆ ಇಳಿಯುತ್ತದೆಯಾ? ಯುಪಿಎಸ್ ಮೋಡಿನಲ್ಲಿದ್ದರೆ ಇನ್ವರ್ಟರು ಅಷ್ಟು ಕಡಿಮೆ ವೋಲ್ಟೇಜನ್ನು ಒಪ್ಪದೆ, ಕರೆಂಟೇ ಇಲ್ಲ ಅಂತ ತಿಳಿದು ಬ್ಯಾಟರಿಗೆ ಹೋಗುತ್ತದೆ. ಎಪಿಎಲ್ ಅಂತ ಇರುವುದಕ್ಕೆ ಬದಲಾಯಿಸಿದರೆ ಇನ್ನೂ ಕೆಳಗಿನ ತನಕ ಲೈನಿನಲ್ಲೇ ಓಡುತ್ತದೆ. ನೆಂಟರದ್ದು ಎರಡರಲ್ಲಿ ಒಂದು, ಅಥವಾ ಎರಡೂ.

ಕೊಟ್ಟಿಗೆಯ ದೂರಕ್ಕೆ ಹೆದರಬೇಡಿ. ಆರು ಪ್ಯಾನೆಲ್ ಒಂದೇ ಸಾಲಿನಲ್ಲಿ ಜೋಡಿಸಿದರೆ 250 ವೋಲ್ಟ್ ಹತ್ತಿರ ಬರುತ್ತದೆ, 13 ಆಂಪಿಯರ್. 4 ಎಂಎಂ ಡಿಸಿ ಕೇಬಲಿನಲ್ಲಿ 40 ಮೀಟರಿಗೆ ನಷ್ಟ ಶೇಕಡಾ 2ರ ಆಸುಪಾಸು. ಪ್ಯಾನೆಲ್ ಎಂಟು ಮಾಡಿದರೆ ವೋಲ್ಟೇಜ್ ಏರುತ್ತದೆ, ನಷ್ಟ ಇನ್ನೂ ಕಡಿಮೆ. ಬ್ಯಾಟರಿ ಮತ್ತು ಇನ್ವರ್ಟರ್ ನಡುವಿನ ವೈರು ಮಾತ್ರ ಉದ್ದ ಆಗಬಾರದು, ಅಲ್ಲಿ 100 ಆಂಪಿಯರ್ ಹರಿಯುತ್ತದೆ, ಎರಡು ಮೀಟರಿನೊಳಗೆ ಮುಗಿಸಿ. ಕೊಟ್ಟಿಗೆಯಿಂದ ಬರುವ ಕೇಬಲನ್ನು ಪೈಪಿನೊಳಗೆ ನೆಲದಲ್ಲಿ ಹೂತು ತನ್ನಿ. ಮಂಗ ಪ್ಯಾನೆಲ್ ಮೇಲೆ ಕುಣಿದರೆ ಗಾಜು ತಡೆಯುತ್ತದೆ, ನೇತಾಡುವ ವೈರು ಕಂಡರೆ ಮಾತ್ರ ಬಿಡುವುದಿಲ್ಲ.

ಅಪ್ಪಯ್ಯನವರ ಮಾತಿಗೆ ಒಂದು ದಾರಿ ಇದೆ. ಅಡಿಕೆ ಒಣಗಿಸುವ ಕಾಲಕ್ಕೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಅಂಗಳದ ಉತ್ತರದ ಅಂಚಿನಲ್ಲಿ ಕಂಬ ನೆಟ್ಟರೆ ನೆರಳು ಬಹುಪಾಲು ಅಂಗಳದ ಆಚೆಗೇ ಹೋಗುತ್ತದೆ. ಆದರೂ ಕೊಟ್ಟಿಗೆಯೇ ವಾಸಿ, ಮನೆಯಲ್ಲಿ ಜಗಳ ಯಾಕೆ. 15 ಡಿಗ್ರಿ ಓರೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ. ತೀರಾ ಮಟ್ಟಸ ಇಟ್ಟರೆ ಕೆಳಗಿನ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ, ಒಂದು ಬೆರಳಗಲದ ಪಾಚಿ ಕೆಳಸಾಲಿನ ಸೆಲ್ಲುಗಳನ್ನು ಮುಚ್ಚಿದರೂ ಪ್ಯಾನೆಲ್ಲಿನ ಉತ್ಪಾದನೆ ಬಿದ್ದುಹೋಗುತ್ತದೆ.

ಸೊಪ್ಪಿನಬೆಟ್ಟ, ಶಿರಸಿ ತಾಲ್ಲೂಕು

ನೆಂಟರ ಮನೆಗೆ ಫೋನ್ ಮಾಡಿದೆ. ಸ್ಕ್ರೀನಿನಲ್ಲಿ ಎಸ್‌ಬಿಯು ಅಂತಲೇ ಬರೆದಿದೆಯಂತೆ! ಬದಲಾಯಿಸಿದ್ದಾರೆ.

ನಮ್ಮದಕ್ಕೆ 540 ವ್ಯಾಟಿನ ಎಂಟು ಪ್ಯಾನೆಲ್, 5 ಯೂನಿಟ್ ಲಿಥಿಯಂ ಒಂದು, 5 ಕಿಲೋವ್ಯಾಟ್ ಹೈಬ್ರಿಡ್, ಎರಡೂ ಎಸ್‌ಪಿಡಿ, ಮೂರು ಅರ್ಥಿಂಗ್ ಅಂತ ಹೊಸ ಕೊಟೇಶನ್ ಕೇಳಿದ್ದೇನೆ. ಪಂಪು ಹೊರಗೆ, ಟ್ಯಾಂಕ್ ಇಡುತ್ತೇವೆ. ಕೊನೆಯ ಪ್ರಶ್ನೆ, ಬ್ಯಾಟರಿ ಎಲ್ಲಿಡುವುದು? ಆಯಿ ಅಟ್ಟದ ಮೇಲೆ ಇಡಿ, ಜಗಲಿಯಲ್ಲಿ ಬಂದವರ ಕಣ್ಣಿಗೆ ಬೀಳುವುದು ಬೇಡ ಅನ್ನುತ್ತಾರೆ.

ಹಳೇ ವೈರ್‌ಮನ್, ಕುಮಟಾ

ಅಟ್ಟ ಬೇಡ. ಏಪ್ರಿಲ್ ಮಧ್ಯಾಹ್ನ ಹಂಚಿನ ಕೆಳಗೆ ಕೈಯಿಟ್ಟು ನೋಡಿ, ಆ ಬಿಸಿಗೆ ಲಿಥಿಯಂ ಆಯುಸ್ಸು ಕರಗುತ್ತದೆ. ಬಚ್ಚಲು ಒಲೆಯ ಗೋಡೆಯೂ ಬೇಡ, ಹೊಗೆ, ಬಿಸಿ ಎರಡೂ. ಜಗಲಿಯ ಒಳಗೋಡೆಗೆ, ನೆಲದಿಂದ ಒಂದೂವರೆ ಅಡಿ ಮೇಲೆ, ಸುತ್ತ ಗಾಳಿ ಆಡುವ ಹಾಗೆ ಕೂರಿಸಿ. ಇನ್ವರ್ಟರಿನ ಕೆಳಗೆ ಕೇಬಲ್ ಒಳಹೋಗುವ ತೂತುಗಳಿರುತ್ತವಲ್ಲ, ಗ್ಲ್ಯಾಂಡ್ ಹಾಕಿ ಬಿಗಿಯಾಗಿ ಮುಚ್ಚಿಸಿ. ಒಳಗೆ ಬೆಚ್ಚಗಿರುತ್ತದೆ ಅಂತ ಮಳೆಗಾಲದಲ್ಲಿ ಹಲ್ಲಿ ಹೋಗಿ ಕೂರುತ್ತದೆ. ಬೋರ್ಡಿನ ಎರಡು ಪಿನ್ನಿನ ಮೇಲೆ ಅಡ್ಡ ಬಿದ್ದು ಒಣಗಿದ ಹಲ್ಲಿಗಳನ್ನು ನಾನು ತೆಗೆದದ್ದಕ್ಕೆ ಲೆಕ್ಕವಿಲ್ಲ, ವಾರಂಟಿಯಲ್ಲಿ ಹಲ್ಲಿ ಬರುವುದಿಲ್ಲ. ಆಯಿಯವರಿಗೆ ಕಣ್ಣಿಗೆ ಬೀಳುವುದೇ ತೊಂದರೆಯಾದರೆ ಮುಂದೆ ಒಂದು ಬಟ್ಟೆ ಪರದೆ ಇಳಿಬಿಡಿ, ತಾಗದ ಹಾಗೆ ಒಂದಡಿ ದೂರಕ್ಕೆ. ಮರದ ಕಪಾಟಿನೊಳಗೆ ಮಾತ್ರ ಹಾಕಬೇಡಿ.